14 ಕ್ಯಾರೆಟ್ ಕಾಲದ ಪಾಟ್ಲಿಗಳು

ಪುಣೆಯ ಲಕ್ಷ್ಮೀ ರಸ್ತೆಯ ಒಂದು ಅಂಗಡಿಯಲ್ಲಿ ಕಳೆದ ವರ್ಷ ನಮ್ಮ ಆಯಿಯ ಎರಡು ಪಾಟ್ಲಿಗಳನ್ನು ಪರೀಕ್ಷೆಗೆ ಕೊಟ್ಟೆ. ತಂಗಿಯ ಮದುವೆ ಗೊತ್ತಾಗಿತ್ತು. ಅವನ್ನು ಕರಗಿಸಿ ಹೊಸದೇನಾದರೂ ಮಾಡಿಸಲು ಬರುತ್ತದೋ ನೋಡು ಎಂದು ಅಮ್ಮ ಹುಬ್ಬಳ್ಳಿಯಿಂದ ಕಳಿಸಿದ್ದಳು. ಈಗ ಒರೆಗಲ್ಲಿಗೆ ಉಜ್ಜಿ ನೋಡುವವರು ಕಡಿಮೆ. ಪುಟ್ಟ ಪೆಟ್ಟಿಗೆಯಂಥ ಯಂತ್ರದೊಳಗೆ ಒಡವೆ ಇಟ್ಟು ಮುಚ್ಚಳ ಹಾಕುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲೆ ಅಂಕಿ ಮೂಡುತ್ತದೆ. ಚಿನ್ನ ನೂರಕ್ಕೆ 91.4, ಉಳಿದದ್ದು ಬೆಳ್ಳಿ ಮತ್ತು ತಾಮ್ರ. ತೂಕ ಎರಡೂ ಸೇರಿ 46 ಗ್ರಾಂ, ಅಂದರೆ ಹಳೆಯ ಲೆಕ್ಕದಲ್ಲಿ 4 ತೊಲಿ. ಹಳೆಯ ಕಾಲದ ಮಾಲು ಹೀಗೇ ಚೊಕ್ಕ ಇರುತ್ತದೆ ಎಂದು ಅಂಗಡಿಯ ಹುಡುಗ ಮರಾಠಿಯಲ್ಲಿ ಹೊಗಳಿದ.

ನನಗೆ ಆ ಅಂಕಿ ಸರಿಹೋಗಲಿಲ್ಲ. ಆಯಿಯ ಮದುವೆಯಾದದ್ದು 1964ರ ಮೇ ತಿಂಗಳಲ್ಲಿ, ಪಾಟ್ಲಿ ಮಾಡಿಸಿದ್ದು ಅದಕ್ಕೆ ಒಂದು ತಿಂಗಳು ಮೊದಲು. ಆಗ ಈ ದೇಶದಲ್ಲಿ 14 ಕ್ಯಾರೆಟ್‌ಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡುವುದು ಅಪರಾಧವಾಗಿತ್ತು. 14 ಕ್ಯಾರೆಟ್ ಎಂದರೆ ನೂರಕ್ಕೆ 58 ಪಾಲು ಚಿನ್ನ, ಅಷ್ಟೇ. ಪರದೆಯ ಮೇಲೆ 91.4 ಬರಬಾರದಿತ್ತು.

ಅದರ ಜೊತೆಗೆ ಇನ್ನೊಂದು ಸಂಗತಿ ನೆನಪಾಯಿತು. ಆಯಿಯ ಟ್ರಂಕಿನಲ್ಲಿ ಒಂದು ಹಳದಿಗಟ್ಟಿದ ರಸೀದಿ ಇದೆ. 1962ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಒಂದು ಜೊತೆ ಬಿಲ್ವಾರ ಕೊಟ್ಟದ್ದಕ್ಕೆ ಸಿಕ್ಕ ರಸೀದಿ ಅದು. ಕೊಟ್ಟವಳು ಆಯಿಯ ಅವ್ವ. ಸಭೆಯಲ್ಲಿ ಎಲ್ಲರೆದುರು ಕೈಯಿಂದ ಬಿಚ್ಚಿ ಕೊಟ್ಟಳು ಎಂಬ ಕಥೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಅದೇ ಹೆಂಗಸು ಒಂದೂವರೆ ವರ್ಷ ತುಂಬುವ ಮೊದಲೇ ಅದೇ ಸರಕಾರದ ಕಣ್ಣು ತಪ್ಪಿಸಿ ಮಗಳಿಗೆ 22 ಕ್ಯಾರೆಟ್‌ನ ಪಾಟ್ಲಿ ಮಾಡಿಸಿದ್ದಳು. ಅಂಗಡಿಯಿಂದ ಹೊರಬಂದವಳೇ ಆಯಿಗೆ ಫೋನ್ ಮಾಡಿದೆ.

"ಸರಕಾರಕ್ಕ ಕೊಟ್ಟದ್ದು ಬ್ಯಾರೆ, ಮಗಳಿಗೆ ಹಾಕಿದ್ದು ಬ್ಯಾರೆ. ಎರಡೂ ಕೂಡಿಸಿ ಯಾಕ ಕೇಳ್ತಿ?" ಅಂದಳು.

ಎರಡನ್ನೂ ಕೂಡಿಸಿ ಕೇಳಬೇಕು ಅಂತಲೇ ನನಗೆ ಅನ್ನಿಸಿದ್ದು. ಅಂದಿನಿಂದ ಬಿಡುವಾದಾಗಲೆಲ್ಲ ಇದರ ಬೆನ್ನು ಹತ್ತಿದ್ದೇನೆ.

1962ರ ಅಕ್ಟೋಬರ್ 20ಕ್ಕೆ ಶುರುವಾದ ಚೀನಾ ಯುದ್ಧ ನವೆಂಬರ್ 21ಕ್ಕೆ ನಿಂತಿತು. ಒಂದೇ ತಿಂಗಳು, ಆದರೆ ಆ ತಿಂಗಳಲ್ಲಿ ದೇಶ ಮೈಮೇಲಿನ ಚಿನ್ನವನ್ನು ಬಿಚ್ಚಿಕೊಟ್ಟಿತು. ಊರೂರಲ್ಲಿ ಸಭೆ ಸೇರಿ ಬಳೆ, ಉಂಗುರ, ಸರ ಕೊಟ್ಟರು. ಕೊಟ್ಟವರಲ್ಲಿ ಹೆಂಗಸರೇ ಹೆಚ್ಚು. ಸರಕಾರ ಅದೇ ನವೆಂಬರ್‌ನಲ್ಲಿ ಚಿನ್ನದ ಬಾಂಡ್‌ಗಳನ್ನೂ ತೆರೆಯಿತು. ನಿಮ್ಮ ಚಿನ್ನ ಕೊಡಿ, 15 ವರ್ಷ ವರ್ಷಕ್ಕೆ ಶೇಕಡಾ 6.5 ಬಡ್ಡಿ ಕೊಡುತ್ತೇವೆ ಎಂದಿತು. ದಾನಕ್ಕೆ ಸಿಕ್ಕ ಉತ್ಸಾಹ ಬಾಂಡಿಗೆ ಸಿಗಲಿಲ್ಲ. ಏಕೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಆಗ ಜಗತ್ತಿನ ಮಾರುಕಟ್ಟೆಯಲ್ಲಿ ಚಿನ್ನಕ್ಕೆ ಔನ್ಸಿಗೆ 35 ಡಾಲರ್ ಎಂಬ ಕಟ್ಟಿದ ಬೆಲೆಯಿತ್ತು. ಡಾಲರಿಗೆ 4 ರೂಪಾಯಿ 76 ಪೈಸೆ. ಹಾಗೆ ನೋಡಿದರೆ 10 ಗ್ರಾಂಗೆ ಸುಮಾರು 54 ರೂಪಾಯಿ. ಮುಂಬೈಯ ಝವೇರಿ ಬಜಾರಿನಲ್ಲಿ ಅದೇ 10 ಗ್ರಾಂಗೆ ಸುಮಾರು 120. ಸರಕಾರ ಬಾಂಡಿಗೆ ಲೆಕ್ಕ ಹಾಕಿದ್ದು ಜಗತ್ತಿನ ಬೆಲೆಯನ್ನು. ದಾನ ಕೊಡುವವರು ಬೆಲೆ ನೋಡುವುದಿಲ್ಲ, ವ್ಯವಹಾರಕ್ಕೆ ಕೂತವರು ನೋಡದೆ ಇರುವುದಿಲ್ಲ.

ಈ 54 ಮತ್ತು 120ರ ನಡುವಿನ ಕಂದಕದಲ್ಲೇ ಮುಂದಿನದ್ದೆಲ್ಲ ನಡೆಯಿತು. ಚಿನ್ನದ ಆಮದನ್ನು ಸರಕಾರ ಮುಚ್ಚಿತ್ತು. ವಿದೇಶಿ ವಿನಿಮಯ 1957ರಿಂದಲೇ ಬರಿದಾಗುತ್ತ ಬಂದಿತ್ತು, ಈಗ ಶಸ್ತ್ರಾಸ್ತ್ರದ ಖರ್ಚೂ ಸೇರಿತು. ಹೊರಗೆ ಅರ್ಧ ಬೆಲೆಗೆ ಸಿಗುವ ವಸ್ತು ಒಳಗೆ ದುಪ್ಪಟ್ಟಿಗೆ ಮಾರಿದರೆ ಕಳ್ಳದಾರಿ ತಾನಾಗಿಯೇ ಹುಟ್ಟುತ್ತದೆ. ಕಳ್ಳದಾರಿಯಲ್ಲಿ ಬಂದ ಪ್ರತಿ ತೊಲಿಗೂ ದೇಶದ ಡಾಲರು ಸೋರುತ್ತಿತ್ತು. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಅವರ ವಾದ ನೇರವಾಗಿತ್ತು: ಜನ ಶುದ್ಧ ಚಿನ್ನ ಕೇಳುವುದನ್ನೇ ನಿಲ್ಲಿಸಿದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಕಳ್ಳಸಾಗಣೆ ಸಾಯುತ್ತದೆ.

1963ರ ಜನವರಿ 9ರಂದು ಭಾರತ ರಕ್ಷಣಾ ನಿಯಮಗಳ ಒಂದು ಭಾಗವಾಗಿ ಚಿನ್ನ ನಿಯಂತ್ರಣ ನಿಯಮಗಳು ಹೊರಟವು, ಮರುದಿನವೇ ಜಾರಿಗೆ ಬಂದವು. ಹೊಸ ಒಡವೆ 14 ಕ್ಯಾರೆಟ್ ಮೀರಬಾರದು. ಒಡವೆಯಲ್ಲದ ಚಿನ್ನ, ಅಂದರೆ ಗಟ್ಟಿ, ಬಿಸ್ಕೀಟು, ನಾಣ್ಯ ಇದ್ದವರು ಸರಕಾರಕ್ಕೆ ಘೋಷಿಸಬೇಕು. ವ್ಯಾಪಾರಿಗೆ ಪರವಾನಗಿ ಬೇಕು. ಮೇಲ್ವಿಚಾರಣೆಗೆ ಚಿನ್ನ ಮಂಡಳಿ. ಮನೆಯಲ್ಲಿ ಈಗಾಗಲೇ ಇರುವ ಒಡವೆಗಳಿಗೆ ಮಾತ್ರ ಯಾವ ಘೋಷಣೆಯೂ ಬೇಡ.

ಆ 14ರ ಅಂಕಿಯಲ್ಲೊಂದು ಜಾಣತನವಿದೆ. ತೊಡಬೇಡಿ ಎಂದು ಹೇಳಿರಲಿಲ್ಲ. ತೊಡಿ, ಆದರೆ ತೊಟ್ಟದ್ದು ಗಂಟಾಗದಿರಲಿ. 14 ಕ್ಯಾರೆಟ್‌ನ ಸರವನ್ನು ಕೊರಳಿಗೆ ಹಾಕಬಹುದು, ಕಷ್ಟಕಾಲಕ್ಕೆ ಅಡವಿಟ್ಟರೆ ಅರ್ಧ ತಾಮ್ರಕ್ಕೆ ಯಾರು ರೊಕ್ಕ ಕೊಡುತ್ತಾರೆ? ಆಯಿಯ ಮಾತಿನಲ್ಲಿ ಹೇಳುವುದಾದರೆ, "ಹದಿನಾಲ್ಕರದ್ದು ಬಂಗಾರ ಅಂತಾರೇನ? ತಾಮ್ರಕ್ಕ ಬಂಗಾರದ ನೀರು ಕುಡಿಸಿದ್ಹಂಗ." ಒಡವೆ ಎಂದರೆ ಅಲಂಕಾರ, ಉಳಿತಾಯ ಎಂದರೆ ಬ್ಯಾಂಕು, ಎರಡೂ ಬೇರೆ ಎಂದುಕೊಂಡವರು ಬರೆದ ನಿಯಮ ಅದು. ಬ್ಯಾಂಕು ಆಗ ಎಷ್ಟು ಜನರ ಕೈಗೆ ಸಿಗುತ್ತಿತ್ತು? ಬ್ಯಾಂಕುಗಳ ರಾಷ್ಟ್ರೀಕರಣವಾಗಲು ಇನ್ನೂ ಆರು ವರ್ಷ ಬಾಕಿ ಇತ್ತು. ಹಳ್ಳಿಯ ಹೆಂಗಸಿಗೆ ಸ್ವಂತ ಹೆಸರಿನ ಪಾಸ್‌ಬುಕ್ ಎಂಬುದು ಕನಸಿನಲ್ಲೂ ಇರಲಿಲ್ಲ.

ಹೆಂಗಸಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳಿಗೆ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿತ್ತು, ಒಟ್ಟು ಕುಟುಂಬದ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಕ್ಕೆ ಹುಟ್ಟಿನ ಹಕ್ಕು ಕೊಟ್ಟಿರಲಿಲ್ಲ. ಕರ್ನಾಟಕದಲ್ಲಿ ಅದು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಹೊಲ ಅಣ್ಣತಮ್ಮಂದಿರಿಗೆ, ಬಂಗಾರ ತಂಗಿಗೆ ಎಂಬುದು ನಮ್ಮ ಕಡೆಯ ಅಲಿಖಿತ ಹಂಚಿಕೆ. ಚಿನ್ನದ ಮೋಹ ಬಿಡಿ ಎಂದು ಮಂತ್ರಿಗಳು ಹೇಳಿದಾಗ ಹೊಲದ ಮೋಹ ಬಿಡಿ ಎಂದು ಯಾರಿಗೂ ಹೇಳಲಿಲ್ಲ. ದೇಶಕ್ಕಾಗಿ ತ್ಯಾಗ ಮಾಡು ಎಂದು ಕೇಳಿದ್ದು ಆಸ್ತಿಯೆಂದರೆ ಅದೊಂದೇ ಇದ್ದವಳನ್ನು. ಅವಳು ಕೊಟ್ಟಳು ಕೂಡ. ಒಂದು ಸಲ ಕೊಡುವುದು ಬೇರೆ, ಇನ್ನು ಮುಂದೆ ಹುಟ್ಟುವ ಯಾವ ಮಗಳಿಗೂ ಗಟ್ಟಿ ಚಿನ್ನ ಇಲ್ಲ ಎಂಬುದು ಬೇರೆ. ಆಯಿಯ ಮಾತಿನ ಅರ್ಥ ಇಷ್ಟೇ ಇರಬಹುದು ಎಂದು ಮೊದಲು ಅಂದುಕೊಂಡೆ. ಅಷ್ಟೇ ಆಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ನಿಯಮವನ್ನು ಜನ ಹೇಗೆ ಎದುರಿಸಿದರು? ಗ್ರಾಹಕರ ಕಡೆಯಿಂದ ಮೆರವಣಿಗೆ ಇಲ್ಲ, ಘೋಷಣೆ ಇಲ್ಲ. ಎಲ್ಲವೂ ಮನೆಯೊಳಗೆ, ಪಿಸುಮಾತಿನಲ್ಲಿ. 1963ರ ಆಗಸ್ಟ್‌ನಲ್ಲಿ ಕಾಮರಾಜ್ ಯೋಜನೆಯಲ್ಲಿ ಮೊರಾರ್ಜಿ ಮಂತ್ರಿಮಂಡಲ ಬಿಟ್ಟರು, ಟಿ.ಟಿ. ಕೃಷ್ಣಮಾಚಾರಿ ಬಂದರು. ಆ ವರ್ಷದ ಕೊನೆಯ ಭಾಗದಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು. ಸ್ವಂತ ಕೆಲಸ ಮಾಡುವ ಅಕ್ಕಸಾಲಿಗ ಗ್ರಾಹಕರ ಹಳೆಯ ಒಡವೆಯನ್ನು ಕರಗಿಸಿ ಅದೇ ಶುದ್ಧತೆಯಲ್ಲಿ ಮತ್ತೆ ಮಾಡಿಕೊಡಬಹುದು ಎಂದಾಯಿತು. ಅಲ್ಲಿಂದ ಮುಂದೆ ಎಲ್ಲರ ಮನೆಯ ಚಿನ್ನವೂ ಹಳೆಯದಾಯಿತು. ಕರಗಿದ ಚಿನ್ನಕ್ಕೆ ವಯಸ್ಸು ಇರುವುದಿಲ್ಲವಲ್ಲ.

ನಮ್ಮ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಆಯಿಯ ಅವ್ವನ ಹತ್ತಿರ ಮುರಿದ ಸರಿಗಿಯೊಂದಿತ್ತು, ಒಂದು ತೊಲಿಯದ್ದು. ಪತ್ತಾರನ ಪುಸ್ತಕದಲ್ಲಿ ಹಳೆಯ ಬಂಗಾರ ಎಂದು ಬರೆಸಿದ್ದು ಅದನ್ನೇ ಹಿಡಿದು. ಪಾಟ್ಲಿಗಳ ತೂಕ 4 ತೊಲಿ. ಉಳಿದ 3 ತೊಲಿ ಎಲ್ಲಿಂದ ಬಂತು ಎಂದು ನಾನು ಮೂರು ಸಲ ಕೇಳಿದ ಮೇಲೆ ಆಯಿ ನಕ್ಕಳು. "ಮುಂಬೈಲಿಂದ ಮಾಮಾ ತಂದಿದ್ದ. ಚಹಾಪುಡಿ ಡಬ್ಬಿಯೊಳಗ."

ಈ ಮಾಮಾನ ಬಗ್ಗೆ ಸ್ವಲ್ಪ ಹೇಳಬೇಕು. ಆಯಿಯ ಸೋದರಮಾವ. ಮಾಟುಂಗಾದಲ್ಲಿ ಒಂದು ಖೋಲಿ, ಫೋರ್ಟ್‌ನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಕಚೇರಿಯ ಪೆನ್ಸಿಲನ್ನೂ ಮನೆಗೆ ತರದ ಮನುಷ್ಯ ಎಂದು ಹೆಸರಾಗಿದ್ದವನು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಕೇಳಿಕೊಂಡಾಗ ಸೋಮವಾರದ ರಾತ್ರಿಯ ಊಟ ಬಿಟ್ಟವನು, ಶಾಸ್ತ್ರಿಯವರು ತೀರಿಕೊಂಡು ದಶಕಗಳಾದರೂ ಮತ್ತೆ ಉಣ್ಣಲಿಲ್ಲ. ಸೋಮವಾರ ನಮ್ಮ ಮನೆಗೆ ಬಂದರೂ ಒಂದು ಲೋಟ ಹಾಲು ಕುಡಿದು ಮಲಗುತ್ತಿದ್ದ ಎಂದು ಅಮ್ಮನಿಗೆ ಈಗಲೂ ನೆನಪು. ಅದೇ ಮನುಷ್ಯ ತಂಗಿಯ ಮಗಳ ಮದುವೆಗೆಂದು ಚಹಾಪುಡಿಯೊಳಗೆ ಕಳ್ಳ ಬಂಗಾರ ಹುಗಿದುಕೊಂಡು ರೈಲು ಹತ್ತಿದ್ದ. ಅವನಿಗೆ ಇದರಲ್ಲಿ ಯಾವ ಗೊಂದಲವೂ ಕಾಣಿಸಿದಂತಿಲ್ಲ. ಹಸಿವು ತನ್ನದು, ಅದನ್ನು ದೇಶಕ್ಕೆ ಕೊಡಬಹುದು. ಬಂಗಾರ ಸೊಸೆಯದು, ಅದನ್ನು ಕೊಡಲು ತಾನ್ಯಾರು? ಹೀಗೆ ಅಂದುಕೊಂಡಿದ್ದನೇನೋ. ಸೋದರಸೊಸೆಯ ಮದುವೆಗೆ ಮಾವ ಬರಿಗೈಯಲ್ಲಿ ಬರುವಂತಿಲ್ಲ ಎಂಬುದೂ ಅಷ್ಟೇ ನಿಜ.

ಶಾಸ್ತ್ರಿಯವರ ಸೋಮವಾರ ಗೆದ್ದಿತು, ಮೊರಾರ್ಜಿಯವರ 14 ಕ್ಯಾರೆಟ್ ಸೋತಿತು. ಎರಡೂ ಬಿಗಿ ಕಾಲದ ಕರೆಗಳೇ. ಒಂದು ಕೇಳಿಕೊಂಡದ್ದು, ಒಂದು ಹೇರಿದ್ದು ಎಂಬುದು ಒಂದು ಕಾರಣ. ಉಪವಾಸ ನಮ್ಮವರಿಗೆ ಗೊತ್ತಿದ್ದ ಭಾಷೆ, ಅದಕ್ಕೆ ಮಾನವಿದೆ, ಸೋಮವಾರಕ್ಕಂತೂ ಮೊದಲೇ ಶಿವನ ಹೆಸರಿದೆ. 14 ಕ್ಯಾರೆಟ್‌ಗೆ ಅಂಥ ಯಾವ ಮಾನವೂ ಇರಲಿಲ್ಲ. ಅದನ್ನು ತೊಟ್ಟವಳನ್ನು ಯಾರೂ ದೇಶಭಕ್ತೆ ಎನ್ನುತ್ತಿರಲಿಲ್ಲ, ಬಡವಿ ಎನ್ನುತ್ತಿದ್ದರು. ದೊಡ್ಡವರ ತ್ಯಾಗದ ಕಥೆಗಳಾದರೂ ಹೇಗಿದ್ದವು? ಹೈದರಾಬಾದಿನ ಓದುಗರಿಗೆ ಗೊತ್ತಿರುತ್ತದೆ, 1965ರಲ್ಲಿ ನಿಜಾಮರು ದೇಶಕ್ಕೆ 5 ಟನ್ ಚಿನ್ನ ದಾನ ಮಾಡಿದರು ಎಂಬ ಕಥೆ ಇಂದಿಗೂ ವಾಟ್ಸಾಪಿನಲ್ಲಿ ಸುತ್ತುತ್ತದೆ. ಮಾಹಿತಿ ಹಕ್ಕಿನಡಿ ಕೇಳಿದಾಗ ಬಂದ ಉತ್ತರ ಬೇರೆ: ಅವರು ಇಟ್ಟದ್ದು 425 ಕಿಲೋ, ಅದೂ ಬಡ್ಡಿ ಬರುವ ಚಿನ್ನದ ಬಾಂಡಿನಲ್ಲಿ. ಅದು ಸಣ್ಣ ಮೊತ್ತವಲ್ಲ, ಆದರೆ ದಾನವೂ ಅಲ್ಲ. ಆಯಿಯ ಅವ್ವನ ಬಿಲ್ವಾರಕ್ಕೆ ಬಡ್ಡಿ ಬರಲಿಲ್ಲ.

ಈಗ ಪತ್ತಾರನ ವಿಷಯ. ಹುಬ್ಬಳ್ಳಿ ಕಡೆ ಪತ್ತಾರ, ಕರಾವಳಿಯಲ್ಲಿ ಶೇಟ, ಹಳೆ ಮೈಸೂರಿನಲ್ಲಿ ಅಕ್ಕಸಾಲಿ. ಭಾಷಾಶಾಸ್ತ್ರ ಓದಿದವಳಿಗೆ ಈ ಮೂರನೆಯ ಪದದ ಮುಂದೆ ಒಂದು ನಿಮಿಷ ನಿಲ್ಲದೆ ದಾಟಲಾಗದು, ಕ್ಷಮಿಸಿ. ಅಕ್ಕಸಾಲಿ ಬಂದದ್ದು ಅಕ್ಷಶಾಲೆಯಿಂದ. ಅಕ್ಷಶಾಲೆ ಎಂದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುವರ್ಣಾಧ್ಯಕ್ಷನ ಕೈಕೆಳಗಿನ ಸರಕಾರಿ ಚಿನ್ನದ ಕಾರ್ಖಾನೆ. ಕೆಲಸಗಾರರು ಚಿನ್ನ ಕದಿಯುವ ಬಗೆಗಳನ್ನೂ ಕೌಟಿಲ್ಯ ಪಟ್ಟಿ ಮಾಡಿದ್ದಾನೆ. ರಾಜ್ಯದ ಅನುಮಾನ ಆ ಕಸುಬಿನ ಹೆಸರಿನೊಳಗೇ ಕೂತಿದೆ. ಜನರ ಅನುಮಾನ ಗಾದೆಯೊಳಗೆ: ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ. 1963ರಲ್ಲಿ ಈ ಎರಡೂ ಅನುಮಾನಗಳು ಒಬ್ಬನ ಮೇಲೇ ಬಿದ್ದವು.

ಕಾನೂನು ಹಿಡಿದದ್ದು ಮಾಡುವವನ ಕೈಯನ್ನು. ಕೊರಳಲ್ಲಿ 22ರ ಸರ ಹಾಕಿಕೊಂಡವಳನ್ನು ಯಾರೂ ಕೇಳುವಂತಿರಲಿಲ್ಲ, ಒಡವೆಗೆ ಘೋಷಣೆಯೇ ಬೇಡವಲ್ಲ. ಸಿಕ್ಕಿಬೀಳುವುದಿದ್ದರೆ ಕುಲುಮೆಯ ಮುಂದೆ ಕೂತವನು. ಲಕ್ಷಾಂತರ ಅಕ್ಕಸಾಲಿಗಳ ಕೈಯಲ್ಲಿ ಇದ್ದದ್ದು ಮೃದುವಾದ ಚಿನ್ನವನ್ನು ಎಳೆಯುವ, ಬಡಿಯುವ, ಕೊರೆಯುವ ವಿದ್ಯೆ. 14 ಕ್ಯಾರೆಟ್ ಗಡಸು, ಬಣ್ಣ ಕೆಂಪಿಗೆ ತಿರುಗಿದ್ದು, ಬೆಸುಗೆಯ ಹದವೇ ಬೇರೆ. ಕೇಳುವವರಂತೂ ಇಲ್ಲ. ಮೊದಲ ತಿಂಗಳುಗಳಲ್ಲೇ ಕೆಲಸ ನಿಂತಿತು. ಅಕ್ಕಸಾಲಿಗಳು ಆತ್ಮಹತ್ಯೆ ಮಾಡಿಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು, ಸಂಸತ್ತಿನಲ್ಲಿ ಪ್ರಶ್ನೆಗಳಾದವು. ಸರಕಾರ ಪುನರ್ವಸತಿಗೆಂದು ಸಾಲ ಕೊಟ್ಟಿತು, ಬೇರೆ ಕೆಲಸದ ತರಬೇತಿ ಎಂದಿತು, ಅವರ ಮಕ್ಕಳ ಶಾಲಾ ಶುಲ್ಕದಲ್ಲಿ ರಿಯಾಯಿತಿ ಕೊಟ್ಟಿತು. ವಿಚಿತ್ರ ನೋಡಿ, ಇದೇ ಹೊತ್ತಿಗೆ ನಮ್ಮದೇ ರಾಜ್ಯದ ಕೋಲಾರದಲ್ಲಿ ನೆಲದಾಳದಿಂದ ಚಿನ್ನ ಬರುತ್ತಲೇ ಇತ್ತು. 1956ರಲ್ಲಿ ಮೈಸೂರು ಸರಕಾರ ವಹಿಸಿಕೊಂಡಿದ್ದ ಆ ಗಣಿಗಳು 1962ರ ಡಿಸೆಂಬರ್‌ನಲ್ಲಿ, ನಿಯಮ ಬರುವುದಕ್ಕೆ ಕೆಲವೇ ವಾರ ಮುಂಚೆ, ಕೇಂದ್ರ ಹಣಕಾಸು ಇಲಾಖೆಯ ಕೈಗೆ ಹೋಗಿದ್ದವು.

ನಮ್ಮ ಮನೆಯ ಪತ್ತಾರ ಆಯಿಯ ಪಾಟ್ಲಿಗಳನ್ನು ತನ್ನ ಅಂಗಡಿಯಲ್ಲಿ ಮಾಡಲಿಲ್ಲ. ಪುಸ್ತಕದಲ್ಲಿ ಒಂದು ತೊಲಿ ಬರೆದು, ಉಳಿದ ಕೆಲಸಕ್ಕೆ ರಾತ್ರಿ ಊಟ ಮುಗಿಸಿ ಮನೆಗೇ ಬರುತ್ತಿದ್ದ. ಹಿತ್ತಲ ಕೋಣೆಯಲ್ಲಿ ಶಿಗಡಿ ಹಚ್ಚಿ, ಬಡಿಯುವ ಸದ್ದು ಓಣಿಗೆ ಕೇಳಬಾರದೆಂದು ಅಡಿಗೆ ಗೋಣಿಚೀಲ ಹಾಸಿ ಕೂಡುತ್ತಿದ್ದ. ಹನ್ನೊಂದು ರಾತ್ರಿ. ಆಯಿ ಎಣಿಸಿದ್ದಾಳೆ, ತನ್ನ ಮದುವೆಯ ಬಂಗಾರ ತಾನೆ. ಹೆಚ್ಚಿನ ಅಪಾಯಕ್ಕೆ ಹೆಚ್ಚಿನ ಕೂಲಿ ಕೊಟ್ಟಿರೇನು ಎಂದು ಕೇಳಿದೆ. ಇಲ್ಲ, ಕಡಿಮೆ ಕೊಟ್ಟರಂತೆ. "ಅಂವಗ ಆವಾಗ ಬ್ಯಾರೆ ಕೆಲಸ ಎಲ್ಲಿತ್ತು?" ಅಂದಳು ಆಯಿ, ಮತ್ತೆ ತಾನೇ ಸ್ವಲ್ಪ ಸುಮ್ಮನಾದಳು.

ನಾನು ಈ ಸುಮ್ಮನಿರುವಿಕೆಯ ಬಗ್ಗೆ ಬಹಳ ಯೋಚಿಸಿದ್ದೇನೆ. ಜೇಮ್ಸ್ ಸ್ಕಾಟ್ ಎಂಬ ವಿದ್ವಾಂಸ ಮಲೇಶಿಯಾದ ಕೆಡಾ ಪ್ರಾಂತ್ಯದ ಒಂದು ಭತ್ತದ ಹಳ್ಳಿಯಲ್ಲಿ ಎರಡು ವರ್ಷ ಕಳೆದು 1985ರಲ್ಲಿ ಒಂದು ಪ್ರಸಿದ್ಧ ಪುಸ್ತಕ ಬರೆದ. ಬಡವರು ದಂಗೆ ಏಳುವುದು ಅಪರೂಪ, ದಿನದಿನವೂ ಅವರು ಮಾಡುವುದು ಸಣ್ಣ ಸಣ್ಣ ಅಸಹಕಾರ: ಕೆಲಸ ನಿಧಾನ ಮಾಡುವುದು, ಗೊತ್ತಿಲ್ಲದವರಂತೆ ನಟಿಸುವುದು, ಮುಚ್ಚಿಡುವುದು, ಹಿಡಿಯಷ್ಟು ಕದಿಯುವುದು. ಇವು ದುರ್ಬಲರ ಆಯುಧಗಳು ಎಂದ. ಎಂ.ಎ. ಓದುವಾಗ ಈ ಪುಸ್ತಕ ನನ್ನನ್ನು ಮರುಳು ಮಾಡಿತ್ತು. ಆಯಿಯ ಪಾಟ್ಲಿಯ ಕಥೆ ಅದಕ್ಕೆ ಚೆನ್ನಾಗಿ ಹೊಂದುತ್ತದೆ ಎಂದೂ ಅನ್ನಿಸಿತ್ತು. ಆದರೆ ಹಿತ್ತಲ ಕೋಣೆಯಲ್ಲಿ ದುರ್ಬಲರು ಯಾರು? ದಿಲ್ಲಿಯ ಎದುರಿಗೆ ಆಯಿಯ ಅವ್ವ ದುರ್ಬಲಳು. ಶಿಗಡಿಯ ಮುಂದೆ ಕೂತವನ ಎದುರಿಗೆ ಅವಳು ಯಜಮಾನಿ. ಒಂದೇ ಪಾಟ್ಲಿಯಲ್ಲಿ ಅವಳ ಆಯುಧವೂ ಇದೆ, ಅವನ ಅಗ್ಗದ ಕೂಲಿಯೂ ಇದೆ. ಚಿನ್ನವೇ ಇಲ್ಲದ ಮನೆಗಳ ಮಾತು ಬೇರೆಯೇ. ಅವರಿಗೆ ಮುರಿಯಲು ಕಾನೂನೂ ಇರಲಿಲ್ಲ.

ಮಾಮಾನ ಚಹಾಪುಡಿಯ ಡಬ್ಬಿಯಲ್ಲಿದ್ದದ್ದು ಎಲ್ಲಿಯದು? ಊಹಿಸುವುದು ಕಷ್ಟವಲ್ಲ. ಆ ಕಾಲದ ಕಳ್ಳಸಾಗಣೆಯ ಚಿನ್ನ ಬರುತ್ತಿದ್ದದ್ದು 10 ತೊಲದ ಬಿಸ್ಕೀಟುಗಳಾಗಿ, ಸುಮಾರು 116 ಗ್ರಾಂ ಒಂದೊಂದು. ದುಬೈಯಲ್ಲಿ ಚಿನ್ನ ಕೊಳ್ಳುವುದಕ್ಕೂ ಅಲ್ಲಿಂದ ಸಾಗಿಸುವುದಕ್ಕೂ ಯಾವ ಅಡ್ಡಿಯೂ ಇರಲಿಲ್ಲ. ಅಲ್ಲಿಂದ ದೋಣಿಗಳಲ್ಲಿ ಹೊರಟು ಪಶ್ಚಿಮ ಕರಾವಳಿಗೆ, ಅಲ್ಲಿಂದ ಝವೇರಿ ಬಜಾರಿಗೆ. ತರುವವರು ಬಿಸ್ಕೀಟುಗಳನ್ನು ಸಾಲಾಗಿ ಜೇಬು ಹೊಲಿದ ಒಳಅಂಗಿಯಲ್ಲಿ ಹೊರುತ್ತಿದ್ದರು. ದುಬೈಯ ದಂಧೆ ತುದಿ ಮುಟ್ಟಿದ 1970ರಲ್ಲಿ ಅಲ್ಲಿಂದ ಹೊರಟ ಚಿನ್ನ ವರ್ಷಕ್ಕೆ 200 ಟನ್ ಮೀರಿತ್ತು, ಬಹುಪಾಲು ಬಂದದ್ದು ಇತ್ತಲೇ. ಹಾಜಿ ಮಸ್ತಾನ್ ಎಂಬ ಹೆಸರು ಮುಂಬೈಯಲ್ಲಿ ದಂತಕಥೆಯಾದದ್ದು ಈ ದಾರಿಯಲ್ಲಿ. 1974ರಲ್ಲಿ ಕಾಫೆಪೋಸಾ ಎಂಬ ಕಠಿಣ ಕಾನೂನು ಬಂದದ್ದೂ ಇದಕ್ಕಾಗಿಯೇ. ಬಿಸ್ಕೀಟನ್ನು ಚೂರು ಮಾಡಿ 3 ತೊಲಿ, 2 ತೊಲಿ ಕೊಂಡವರು ಮಾತ್ರ ನಮ್ಮ ಮಾಮಾನಂಥ ಗುಮಾಸ್ತರು, ಮಾಸ್ತರರು, ಹೆಣ್ಣು ಹೆತ್ತವರು. ಯಾರೂ ತಮ್ಮನ್ನು ಕಳ್ಳರೆಂದು ಎಣಿಸಲಿಲ್ಲ. ಸಿನಿಮಾದಲ್ಲಿ ಕಳ್ಳಸಾಗಣೆದಾರ ಬಂದರೆ ಬೈದವರೂ ಇವರೇ.

ಚಿನ್ನದ ಹಳೆಯ ಬೆಲೆಗಳ ಪಟ್ಟಿಗಳು ಅಂತರ್ಜಾಲದಲ್ಲಿ ಹರಿದಾಡುತ್ತವಲ್ಲ, ಅವುಗಳಲ್ಲಿ 1962ಕ್ಕೆ 119 ರೂಪಾಯಿ 75 ಪೈಸೆ, 1964ಕ್ಕೆ 63 ರೂಪಾಯಿ 25 ಪೈಸೆ ಎಂದಿರುತ್ತದೆ. ನೋಡಿದವರು ಆ ವರ್ಷ ಚಿನ್ನ ಅಗ್ಗವಾಗಿತ್ತು ಎಂದು ನಿಟ್ಟುಸಿರು ಬಿಡುತ್ತಾರೆ. ನನಗಂತೂ ಅದನ್ನು ನಿಜವಾದ ಬೆಲೆ ಎಂದು ನಂಬಲಾಗುವುದಿಲ್ಲ. ಬೆಲೆ ಹೇಳಬೇಕಾದ ಬಜಾರೇ ನೆಲದಡಿಗೆ ಹೋಗಿತ್ತು, ಕಾಗದದ ಮೇಲೆ ಉಳಿದದ್ದು ಬೇರೆಯೇ ಅಂಕಿ. ಮಾಮಾ 3 ತೊಲಿಗೆ ಎಷ್ಟು ಕೊಟ್ಟ ಎಂದು ಅವನು ಸಾಯುವವರೆಗೂ ಹೇಳಲಿಲ್ಲವಂತೆ. ಅಗ್ಗವಾಗಿ ಸಿಕ್ಕಿದ್ದರೆ ಹೇಳಿಕೊಂಡು ತಿರುಗುತ್ತಿದ್ದ.

ಇಷ್ಟೆಲ್ಲ ಕೇಳಿ ಆದಮೇಲೆ, ಇನ್ನೊಂದು ದಿನ, ಯಾವುದೋ ಬೇರೆ ಮಾತಿನ ನಡುವೆ ಆಯಿ ಒಂದು ವಿಷಯ ಹೇಳಿದಳು. ಮದುವೆಯ ಹಿಂದಿನ ದಿನ ಬೀಗರು ಬಂದಿಳಿದರು. ಅವರ ಜೊತೆ ಅವರೂರಿನ ಪತ್ತಾರನೂ ಬಂದಿದ್ದ. ಮದುವೆಯ ನೆಂಟನಂತೆ ಬಂದವನು, ಜೋಳಿಗೆಯಲ್ಲಿ ಒರೆಗಲ್ಲು. ಸಂಜೆ ಒಳಗಿನ ಕೋಣೆಯಲ್ಲಿ ಹೆಣ್ಣಿನ ಕಡೆಯವರು ಹಾಕುವ ಬಂಗಾರವನ್ನೆಲ್ಲ ಒಂದೊಂದಾಗಿ ಉಜ್ಜಿ ನೋಡಿದರು. "ಹದಿನಾಲ್ಕರದು ಹಾಕಿ ಮೋಸ ಮಾಡ್ಯಾರೇನೋ ಅಂತ ಅವರಿಗೆ ಸಂಶೆ. ಸರಕಾರದ ರೂಲಾ ಹಂಗಿತ್ತಲ್ಲ." ಪಾಟ್ಲಿಗಳು ಪಾಸಾದವು. ಅವಳ ಅವ್ವ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳಂತೆ.

ವರದಕ್ಷಿಣೆ ನಿಷೇಧ ಕಾಯ್ದೆ ಜಾರಿಗೆ ಬಂದು ಆಗ ಮೂರು ವರ್ಷವೂ ಆಗಿರಲಿಲ್ಲ. 1961ರ ಜುಲೈ 1ರಿಂದ ಜಾರಿ. ಆ ಸಂಜೆ ಆ ಕೋಣೆಯಲ್ಲಿ ಎರಡು ಕೇಂದ್ರ ಕಾನೂನುಗಳು ಏಕಕಾಲಕ್ಕೆ ಮುರಿದವು. ಒಂದನ್ನು ಮುರಿದದ್ದು ಹೆಣ್ಣಿನ ಕಡೆಯವರು, ಇನ್ನೊಂದನ್ನು ಗಂಡಿನ ಕಡೆಯವರು. ಎರಡನ್ನೂ ಪರೀಕ್ಷಿಸಿ ಒಪ್ಪಿಗೆ ಕೊಟ್ಟದ್ದು ಒಂದು ಕರಿಯ ಕಲ್ಲು. ದಿಲ್ಲಿಯ ಮಾತನ್ನು ಧಿಕ್ಕರಿಸಿದ ಆ ಮನೆ ಬೀಗರ ಮಾತಿನ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. 22 ಕ್ಯಾರೆಟ್ ಬೇಕು ಎಂದದ್ದು ಮಗಳ ಮೇಲಿನ ಪ್ರೀತಿಯೋ, ಒರೆಗಲ್ಲಿನ ಭಯವೋ? ಎರಡನ್ನೂ ಕರಗಿಸಿ ಒಂದೇ ಮೂಸೆಯಲ್ಲಿ ಎರೆದ ಮೇಲೆ ಬೇರ್ಪಡಿಸುವ ಯಂತ್ರ ಲಕ್ಷ್ಮೀ ರಸ್ತೆಯಲ್ಲಿಲ್ಲ. ಮದುವೆಯಾಗಿ ನಾಲ್ಕನೇ ವರ್ಷಕ್ಕೆ ಆ ಪಾಟ್ಲಿಗಳು ಮಾವನವರ ಬೋರ್‌ವೆಲ್ಲಿಗೆ ಅಡವಿಗೆ ಹೋದವು, ಆಯಿಯನ್ನು ಯಾರೂ ಕೇಳಲಿಲ್ಲ. ಬಿಡಿಸಿಕೊಂಡು ಬರಲು ಆರು ವರ್ಷ ಹಿಡಿಯಿತು. ಹಾಗೆಂದು ಅವು ತನ್ನವಲ್ಲ ಎಂದು ಅವಳಿಗೆ ಒಂದು ದಿನವೂ ಅನ್ನಿಸಿಲ್ಲ. ನನ್ನ ಅಮ್ಮನ ಕಾಲೇಜಿನ ಫೀಗೆ ಅವನ್ನು ಮತ್ತೆ ಅಡವಿಟ್ಟವಳು ಅವಳೇ, ಆಗ ಅವಳು ಯಾರನ್ನೂ ಕೇಳಲಿಲ್ಲ.

ಅಕ್ಕಸಾಲಿಗಳ ಹೋರಾಟ ಮಾತ್ರ ಬೀದಿಯಲ್ಲಿ ನಡೆಯಿತು. 1966ರಲ್ಲಿ ಅವರು ದಿಲ್ಲಿಯಲ್ಲಿ ಸಂಸತ್ತಿನ ಮುಂದೆ ಸತ್ಯಾಗ್ರಹ ಹೂಡಿ ಸಾವಿರಗಟ್ಟಲೆ ಬಂಧನಕ್ಕೊಳಗಾದರು, ವಿರೋಧ ಪಕ್ಷಗಳು ಬೆಂಬಲಕ್ಕೆ ನಿಂತವು. ಜೂನ್‌ನಲ್ಲಷ್ಟೇ ರೂಪಾಯಿಯ ಬೆಲೆ ಇಳಿಸಿ ಇಂದಿರಾ ಗಾಂಧಿಯವರ ಸರಕಾರ ಬೈಸಿಕೊಂಡಿತ್ತು, ಚುನಾವಣೆ ಹತ್ತಿರವಿತ್ತು. 14 ಕ್ಯಾರೆಟ್‌ನ ಕಟ್ಟು ಬಿಚ್ಚಿತು. ಆದರೆ 22ರ ಒಡವೆ ಗುಟ್ಟಾಗಿ ಮಾಡಿಸಿಕೊಂಡ ಲಕ್ಷಾಂತರ ಮನೆಗಳಿಂದ ಆ ಸತ್ಯಾಗ್ರಹಕ್ಕೆ ಯಾರೂ ಹೋಗಲಿಲ್ಲ. ಹೋಗುವ ಅಗತ್ಯವೇ ಇರಲಿಲ್ಲವಲ್ಲ, ಅವರ ಕೆಲಸ ಆಗಿಹೋಗಿತ್ತು. ಗುಟ್ಟಿನ ಅಸಹಕಾರಕ್ಕೆ ಇರುವ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ. ಅದು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಪಾರುಮಾಡುತ್ತದೆ, ಪಾರಾದವರಿಗೆ ಪಕ್ಕದವನ ಪಾಡು ಕಾಣುವುದಿಲ್ಲ. 1968ರಲ್ಲಿ ನಿಯಂತ್ರಣ ಪೂರ್ಣ ಪ್ರಮಾಣದ ಕಾಯ್ದೆಯಾಗಿ ಮತ್ತೆ ಬಂದಾಗ ಕ್ಯಾರೆಟ್ಟಿನ ಮಾತು ಅದರಲ್ಲಿರಲಿಲ್ಲ. ಗಟ್ಟಿ ಚಿನ್ನ ಇಟ್ಟುಕೊಳ್ಳಬಾರದು, ಅಕ್ಕಸಾಲಿ ಪ್ರಮಾಣಪತ್ರ ಪಡೆಯಬೇಕು, ಪ್ರತಿ ಗ್ರಾಂಗೂ ಪುಸ್ತಕ ಬರೆಯಬೇಕು. ಮನೆಯವರಿಗೆ ತೊಂದರೆ ಕಡಿಮೆ, ಕಸುಬಿನವರಿಗೆ ಹೆಚ್ಚು. ಹೀಗಾಗಿ ಮನೆಯವರು ಮರೆತರು. 1969ರಲ್ಲಿ ಸುಪ್ರೀಂ ಕೋರ್ಟು ಕೆಲವು ಕಲಮುಗಳನ್ನು ಹೊಡೆದುಹಾಕಿತು, ಉಳಿದದ್ದು 1990ರವರೆಗೂ ನಡೆಯಿತು. ನಮ್ಮ ಪತ್ತಾರನ ಇಬ್ಬರು ಮಕ್ಕಳೂ ಕಸುಬು ಹಿಡಿಯಲಿಲ್ಲ. ಒಬ್ಬ ಫೀ ರಿಯಾಯಿತಿಯಲ್ಲಿ ಓದಿ ಮಾಸ್ತರನಾದ, ಇನ್ನೊಬ್ಬ ಬಸ್ ಕಂಡಕ್ಟರ್.

ಕಾಯ್ದೆ ರದ್ದಾದ ಮರುವರ್ಷವೇ ನಡೆದದ್ದು ನನಗೆ ಈ ಇಡೀ ಕಥೆಯ ಅತ್ಯಂತ ವಿಚಿತ್ರ ತಿರುವು. 1991ರಲ್ಲಿ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಾಗ ಭಾರತ ಸರಕಾರವೂ ಆಯಿಯ ಮಾವನವರು ಮಾಡಿದ್ದನ್ನೇ ಮಾಡಿತು. ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಒತ್ತೆ ಇಟ್ಟದ್ದು ಎಲ್ಲರಿಗೂ ಗೊತ್ತು, ಪತ್ರಿಕೆಗಳು ಮರ್ಯಾದೆ ಹೋಯಿತೆಂದು ಬರೆದವು. ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ಸ್ಟೇಟ್ ಬ್ಯಾಂಕಿನ ಮೂಲಕ 20 ಟನ್ ಚಿನ್ನ ಸ್ವಿಟ್ಜರ್ಲೆಂಡಿಗೆ ಹೋಗಿತ್ತು. ಅದು ಸರಕಾರದ ಹತ್ತಿರವಿದ್ದ ಜಪ್ತಿ ಮಾಲು. ಕಳ್ಳಸಾಗಣೆದಾರರಿಂದ ವರ್ಷಗಟ್ಟಲೆ ಹಿಡಿದು ಕೂಡಿಟ್ಟದ್ದು. ಮಾಮಾ ಕೊಂಡಂಥ ಬಿಸ್ಕೀಟುಗಳಲ್ಲಿ ಅವನಂಥವರ ಕೈ ಸೇರದೆ ನಡುದಾರಿಯಲ್ಲಿ ಸಿಕ್ಕಿಬಿದ್ದವು ಸರಕಾರಕ್ಕೆ ಆಪತ್ಕಾಲದ ಗಂಟಾದವು.

ಪಾಟ್ಲಿಗಳನ್ನು ಕರಗಿಸಲಿಲ್ಲ. ಯಂತ್ರದ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಂಡು ಡಬ್ಬಿಗೆ ಹಾಕಿ ಹೊರಡುವಾಗ ಅಂಗಡಿಯ ಹುಡುಗ ತಂಗಿಗೆಂದು ಒಂದು ಹೊಸ ಟ್ರೇ ತೆಗೆದು ತೋರಿಸಿದ. 10 ಗ್ರಾಂಗೆ ಲಕ್ಷ ದಾಟಿದ ಮೇಲೆ ಈಗಿನ ಹುಡುಗಿಯರು ಇದನ್ನೇ ಕೇಳುತ್ತಾರಂತೆ: ಹಗುರ, ಗಟ್ಟಿ, ಆಫೀಸಿಗೂ ಹಾಕಬಹುದು, ಸರಕಾರದ್ದೇ ಹಾಲ್‌ಮಾರ್ಕ್ ಬೇರೆ ಇದೆ. 14 ಕ್ಯಾರೆಟ್. ಇನ್ನೂ ಕಡಿಮೆ ಬೇಕಿದ್ದರೆ 9 ಕ್ಯಾರೆಟ್‌ಗೂ ಈಗ ಹಾಲ್‌ಮಾರ್ಕ್ ಬಂದಿದೆ ಎಂದ. ತಂಗಿಗೆ ಫೋಟೋ ಕಳಿಸಿದೆ, ಅವಳಿಗೆ ಒಂದು ಸರ ಹಿಡಿಸಿತು. ಆಯಿಗೆ ಫೋನಿನಲ್ಲಿ ಹೇಳಿದೆ.

"ಹದಿನಾಲ್ಕರದಾ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ರೊಕ್ಕಾ ಕೊಟ್ಟು?"